ಮೂಡಲ ಬಾಗಿಲಿನಲ್ಲಿ ರಾತ್ರಿಯ ನಡಿಗೆ

ಹಗಲಿನಲ್ಲಿ ಮುಳಬಾಗಿಲು ಎಲ್ಲ ತಾಲ್ಲೂಕು ಕೇಂದ್ರಗಳಂತೆಯೇ ಒಂದು ತಾಲ್ಲೂಕು ಕೇಂದ್ರ. ಬಸ್ ನಿಲ್ದಾಣದ ಗದ್ದಲ, ಆಟೋಗಳ ಸಾಲು, ಮುಖಂಡರ ಹುಟ್ಟುಹಬ್ಬದ ಫ್ಲೆಕ್ಸುಗಳು, ಟೊಮೆಟೊ ಕ್ರೇಟುಗಳನ್ನು ಹೇರಿಕೊಂಡು ವಡ್ಡಹಳ್ಳಿ ಮಾರುಕಟ್ಟೆಯ ಕಡೆಗೆ ಓಡುವ ಗಾಡಿಗಳು. ಇಂಥ ಊರು ಆರುನೂರು ವರ್ಷಗಳ ಹಿಂದೆ ವಿಜಯನಗರ ಸಾಮ್ರಾಜ್ಯದ ಒಂದು ಪ್ರಾಂತ್ಯಕ್ಕೆ ರಾಜಧಾನಿಯಾಗಿತ್ತೆಂದು ಪಾಠ ಹೇಳಿದಾಗಲೆಲ್ಲ ಹಿಂದಿನ ಬೆಂಚಿನಿಂದ ಸಣ್ಣಗೆ ನಗು ಕೇಳಿಬರುತ್ತಿತ್ತು. ನಕ್ಕವರಲ್ಲಿ ಕೆಲವರು ಈಗ ಇದನ್ನು ಓದುತ್ತಿರಬಹುದು. ಅವರದೇನೂ ತಪ್ಪಿಲ್ಲ, ಹಗಲಿನ ಮುಳಬಾಗಿಲು ಆ ಮಾತಿಗೆ ಸಾಕ್ಷಿ ನುಡಿಯುವುದಿಲ್ಲ. ರಾತ್ರಿ ಒಂಬತ್ತೂವರೆಯ ಮೇಲೆ, ಅಂಗಡಿಗಳ ಷಟರುಗಳು ಒಂದೊಂದಾಗಿ ಕೆಳಗಿಳಿದ ಮೇಲೆ, ಊರು ಬೇರೆಯೇ ಆಗುತ್ತದೆ. ನಿವೃತ್ತಿಯ ನಂತರ ನಿದ್ರೆ ತಡವಾಗಿ ಬರುವುದರಿಂದ ಆ ಹೊತ್ತಿನಲ್ಲಿ ಸುತ್ತಾಡುವುದು ನನಗೆ ರೂಢಿಯಾಗಿದೆ.

ಮೊದಲು ಊರಿನ ಹೆಸರಿನ ವಿಷಯ ಹೇಳಬೇಕು. ‘ಮೂಡಲ ಬಾಗಿಲು’ ಎಂಬುದೇ ಮುಳಬಾಗಿಲು ಆಯಿತೆಂದು ನಾವೆಲ್ಲ ಕೇಳಿಕೊಂಡು ಬೆಳೆದವರು. ಕೋಲಾರ ಜಿಲ್ಲೆಯ ಶಾಸನಗಳನ್ನು ಸಂಗ್ರಹಿಸಿ 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟವಾಗಿ ಪ್ರಕಟಿಸಿದ ಬಿ. ಎಲ್. ರೈಸ್ ಅವರೂ ಇದನ್ನೇ ಒಪ್ಪಿದ್ದರು. ಮೈಸೂರಿನ ಎತ್ತರದ ನೆಲ ಇಲ್ಲಿಂದ ಪೂರ್ವಕ್ಕೆ ಇಳಿಯತೊಡಗುತ್ತದೆ, ಆದ್ದರಿಂದ ಇದು ಪೂರ್ವದ ಬಾಗಿಲು. ಹೊಯ್ಸಳ ವಿಷ್ಣುವರ್ಧನನ ಶಾಸನಗಳಲ್ಲಿ ಅವನ ರಾಜ್ಯದ ಮೂಡಣ ಎಲ್ಲೆಯೆಂದು ಬರುವ ಹೆಸರು ನಂಗಲಿ. ಮುಳಬಾಗಿಲಿನಿಂದ ಪಲಮನೇರಿನ ಕಡೆಗೆ ಹೋಗುವಾಗ ಸಿಗುವ ಅದೇ ನಂಗಲಿ. ಹನ್ನೆರಡನೆಯ ಶತಮಾನದಲ್ಲಿ ಹೊಯ್ಸಳರ ನಾಡು ಎಲ್ಲಿ ಮುಗಿಯುತ್ತಿತ್ತೋ ಹೆಚ್ಚುಕಡಿಮೆ ಅಲ್ಲಿಯೇ ಇಂದು ಕರ್ನಾಟಕವೂ ಮುಗಿಯುತ್ತದೆ. ನಡುವೆ ಬಂದುಹೋದ ರಾಜರು, ಕಂಪನಿಯವರು, ಭಾಷಾವಾರು ಪ್ರಾಂತ್ಯಗಳನ್ನು ಗೀಚಿದ ಆಯೋಗದವರು ಎಲ್ಲರೂ ಸೇರಿ ಆ ಎಲ್ಲೆಯನ್ನು ಹೆಚ್ಚೇನೂ ಅಲುಗಾಡಿಸಲಾಗಲಿಲ್ಲ.

ಆದರೆ ಹಳೆಯ ಶಾಸನಗಳಲ್ಲಿ ಕಾಣುವ ರೂಪ ‘ಮೂಡಲ’ ಅಲ್ಲ, ‘ಮುಳುವಾಯಿ’. ಬುಕ್ಕರಾಯನ ಸೊಸೆ ಗಂಗಾದೇವಿ ತನ್ನ ಸಂಸ್ಕೃತ ಕಾವ್ಯ ‘ಮಧುರಾವಿಜಯ’ದಲ್ಲಿ ಈ ಊರನ್ನು ಕಂಟಕಾನನ ಪಟ್ಟಣ ಎಂದು ಕರೆದಳು. ಕಂಟಕ ಎಂದರೆ ಮುಳ್ಳು, ಆನನ ಎಂದರೆ ಮುಖ ಅಥವಾ ಬಾಯಿ. ಮುಳು, ವಾಯಿ ಎಂಬ ಎರಡು ತುಂಡುಗಳನ್ನು ಆಕೆ ಅಕ್ಷರಶಃ ಸಂಸ್ಕೃತಕ್ಕೆ ತಿರುಗಿಸಿದ್ದಾಳೆ. ಅಂದರೆ ಹದಿನಾಲ್ಕನೆಯ ಶತಮಾನದಲ್ಲಿ ಈ ದಾರಿಯಾಗಿ ಹೋದವರ ಕಿವಿಗೆ ಈ ಹೆಸರು ‘ಮುಳ್ಳಿನ ಬಾಗಿಲು’ ಎಂದೇ ಕೇಳಿಸುತ್ತಿತ್ತು. ಹಗಲಿನಲ್ಲಿ ನಾನು ರೈಸ್ ಅವರ ಪಕ್ಷ, ರಾತ್ರಿ ಗಂಗಾದೇವಿಯ ಪಕ್ಷ. ನಮ್ಮ ಕಡೆಯ ಕುರಿಹಟ್ಟಿಗಳನ್ನು ನೋಡಿದವರಿಗೆ ಕಾರಣ ಗೊತ್ತು. ಸುತ್ತ ಬೇಲಿ, ಒಳಹೋಗಲು ಒಂದೇ ಕಂಡಿ, ಕತ್ತಲಾದೊಡನೆ ಆ ಕಂಡಿಗೆ ಒಂದು ದೊಡ್ಡ ಜಾಲಿಮುಳ್ಳಿನ ಕೊಂಬೆಯನ್ನು ಎಳೆದು ಅಡ್ಡ ಇಟ್ಟರೆ ಅದೇ ಕದ. ಬಾಗಿಲು ಎಂಬುದಕ್ಕೆ ಹಗಲಿನಲ್ಲಿ ಅಷ್ಟಾಗಿ ಅರ್ಥವಿಲ್ಲ. ಅದು ರಾತ್ರಿಗಾಗಿ ಇರುವ ವಸ್ತು. ಒಂದು ಊರಿಗೆ ಬಾಗಿಲೆಂದೇ ಹೆಸರಿದ್ದ ಮೇಲೆ ಅದನ್ನು ರಾತ್ರಿ ನೋಡುವುದೇ ಸರಿಯಾದ ಕ್ರಮವೆಂದು ನನಗೆ ಅನ್ನಿಸುತ್ತದೆ.

ನಡಿಗೆ ಸಾಮಾನ್ಯವಾಗಿ ಆಂಜನೇಯನ ಗುಡಿಯ ಬಳಿಯಿಂದ ಆರಂಭವಾಗುತ್ತದೆ. ಆ ಹೊತ್ತಿಗೆ ಹೋಟೆಲಿನವರು ದೋಸೆಯ ಹೆಂಚನ್ನು ಉಜ್ಜಿ ತೊಳೆಯುತ್ತಿರುತ್ತಾರೆ. (ಮುಳಬಾಗಿಲು ದೋಸೆಯ ಬಗ್ಗೆ ಬರೆಯಿರಿ ಎಂದು ಬೆಂಗಳೂರಿನಲ್ಲಿರುವ ಸೊಸೆಯಂದಿರೆಲ್ಲ ಕೇಳುತ್ತಿದ್ದಾರೆ. ಅದು ಬರೆಯುವ ವಿಷಯವಲ್ಲ ಅಮ್ಮಾ, ತಿನ್ನುವ ವಿಷಯ.) ಕುರುಕ್ಷೇತ್ರ ಯುದ್ಧ ಮುಗಿದ ಮೇಲೆ ಅರ್ಜುನನೇ ತನ್ನ ಧ್ವಜದಲ್ಲಿದ್ದ ಹನುಮಂತನನ್ನು ಇಲ್ಲಿ ಪ್ರತಿಷ್ಠಾಪಿಸಿದನೆಂದು ಸ್ಥಳಪುರಾಣ. ಇತಿಹಾಸದ ಮೇಷ್ಟರಿಗೆ ಇದನ್ನು ಕೇಳಿ ಸುಮ್ಮನಿರುವ ಸೌಜನ್ಯವಿರಬೇಕು, ಅದರ ಜೊತೆಗೆ ಒಂದು ಪ್ರಶ್ನೆಯೂ ಇರಬೇಕು. ಊರಿನ ಹೆಸರಾಂತ ದೇವರು ಆಂಜನೇಯನೇ ಏಕೆ? ಕರ್ನಾಟಕದ ಯಾವ ಹಳೆಯ ಕೋಟೆಗೆ ಹೋದರೂ ಬಾಗಿಲ ಪಕ್ಕದಲ್ಲಿ ಒಬ್ಬ ಕೋಟೆ ಆಂಜನೇಯ ನಿಂತಿರುತ್ತಾನೆ. ಬಾಗಿಲು ಕಾಯುವುದು ಅವನ ಕೆಲಸ. ಕಾವಲಿನ ದೇವರಿಗೆ ಬಾಗಿಲಿನ ಊರಿನಲ್ಲಿ ಮೊದಲ ಪೂಜೆ ಸಂದರೆ ಆಶ್ಚರ್ಯವೇನಿದೆ? ಇಂದಿಗೂ ತಿರುಪತಿಗೆ ಹೊರಟ ಅನೇಕರು ಇಲ್ಲಿ ಬಸ್ಸನ್ನೋ ಕಾರನ್ನೋ ನಿಲ್ಲಿಸಿ, ಅವನಿಗೆ ಹೇಳಿಯೇ ಗಡಿ ದಾಟುತ್ತಾರೆ.

ಅಲ್ಲಿಂದ ಸೋಮೇಶ್ವರ ದೇವಸ್ಥಾನದ ಕಡೆಗೆ ಹೊರಳಿದರೆ ಬೀದಿದೀಪಗಳು ತುಸು ವಿರಳವಾಗುತ್ತವೆ. ಹಗಲಿನಲ್ಲಿ ಬಣ್ಣ, ತಂತಿ, ಜಾಹೀರಾತುಗಳ ಮಧ್ಯೆ ಕಳೆದುಹೋಗುವ ಕಲ್ಲಿನ ಕಟ್ಟಡ ಕತ್ತಲಲ್ಲಿ ತನ್ನ ನಿಜವಾದ ಗಾತ್ರಕ್ಕೆ ಬೆಳೆಯುತ್ತದೆ. ವಿಜಯನಗರದ ಕಾಲದ ಈ ಗುಡಿಯ ಮುಂದೆ ನಿಂತಾಗ ಇಬ್ಬರು ನೆನಪಾಗುತ್ತಾರೆ.

ಮೊದಲನೆಯವನು ಕುಮಾರ ಕಂಪಣ, ಬುಕ್ಕರಾಯನ ಮಗ, ಗಂಗಾದೇವಿಯ ಗಂಡ. ಮುಳುವಾಯಿ ರಾಜ್ಯದ ಆಡಳಿತ ಅವನ ಕೈಯಲ್ಲಿತ್ತು. ತಮಿಳುನಾಡಿನ ಮೇಲೆ ಅವನು ನಡೆಸಿದ ದಂಡಯಾತ್ರೆ ಸಾಗಿದ್ದು ಈ ಊರಿನ ಮೂಲಕ. ಮೊದಲು ಶಂಬುವರಾಯರನ್ನು ಸೋಲಿಸಿ ಕಂಚಿಯನ್ನು ಹಿಡಿದನು, ಆಮೇಲೆ 1371ರ ಸುಮಾರಿಗೆ ಮಧುರೆಯ ಸುಲ್ತಾನರನ್ನು ಮಣಿಸಿದನು. ಗಂಡನ ಯುದ್ಧವನ್ನು ಹೆಂಡತಿಯೇ ಕಾವ್ಯವಾಗಿ ಬರೆದ ಉದಾಹರಣೆ ನಮ್ಮ ದೇಶದ ಇತಿಹಾಸದಲ್ಲಿ ತೀರ ಅಪರೂಪ. ಆ ಕಾವ್ಯದ ಹಸ್ತಪ್ರತಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ತಿರುವನಂತಪುರದಲ್ಲಿ ದೊರೆಯುವವರೆಗೆ ಗಂಗಾದೇವಿಯ ಹೆಸರೇ ಬಹುಮಂದಿಗೆ ತಿಳಿದಿರಲಿಲ್ಲ. ಕಾವ್ಯದಲ್ಲಿ ರಾತ್ರಿಯ ವರ್ಣನೆಗೂ ಚಂದ್ರೋದಯಕ್ಕೂ ಬೇಕಾದಷ್ಟು ಶ್ಲೋಕಗಳಿವೆ. ಆದರೆ ಅದು ತೆಂಕಣ ನಾಡಿನ ರಾತ್ರಿ. ನಮ್ಮ ಊರಿನ ರಾತ್ರಿಗೆ ಆಕೆಯಿಂದ ಒಂದು ಶ್ಲೋಕವೂ ಸಿಗಲಿಲ್ಲವೆಂಬ ಸಣ್ಣ ಕೊರಗು ನನಗಿದೆ. ಸೈನ್ಯದ ಜೊತೆ ಸಾಗುವವರಿಗೆ ಬಾಗಿಲು ದಾಟುವ ಜಾಗವೇ ಹೊರತು ನಿಂತು ವರ್ಣಿಸುವ ಜಾಗವಲ್ಲ.

ಎರಡನೆಯವನು ಲಕ್ಕಣ್ಣ ದಂಡೇಶ. ಹದಿನೈದನೆಯ ಶತಮಾನದಲ್ಲಿ ಪ್ರೌಢದೇವರಾಯನ ಮಂತ್ರಿ, ದಂಡನಾಯಕ. ತಮ್ಮ ಮಾದಣ್ಣನೊಡನೆ ಈ ಸೀಮೆಯ ಆಡಳಿತವನ್ನು ನೋಡಿಕೊಂಡವನು. ‘ಶಿವತತ್ತ್ವ ಚಿಂತಾಮಣಿ’ ಎಂಬ ಕನ್ನಡ ಕಾವ್ಯವನ್ನು ಬರೆದ ಇವನಿಗೆ ‘ದಕ್ಷಿಣ ಸಮುದ್ರಾಧೀಶ್ವರ’ ಎಂಬ ಬಿರುದೂ ಇತ್ತು. ಸಮುದ್ರದ ಗಾಳಿಯೂ ಸೋಕದ, ಕೆರೆಗೆ ನೀರು ಬಂದರೆ ಊರೇ ಹಬ್ಬ ಮಾಡುವ ನಮ್ಮ ಬರದ ಸೀಮೆಯ ಅಧಿಕಾರಿಗೆ ಸಮುದ್ರಾಧೀಶ್ವರನೆಂಬ ಬಿರುದು! ಮಕ್ಕಳು ಇದಕ್ಕೂ ನಗುತ್ತಿದ್ದರು. ಆದರೆ ಬಾಗಿಲು ಎಂಬ ಮಾತಿನ ಅರ್ಥ ಇಲ್ಲಿಯೇ ಬಿಚ್ಚಿಕೊಳ್ಳುತ್ತದೆ. ಹಂಪೆಯಿಂದ ನೋಡಿದರೆ ಮುಳಬಾಗಿಲು ಒಂದು ಗಡಿಯ ಊರಲ್ಲ. ತಮಿಳು ನಾಡಿಗೂ, ಅದರಾಚೆಗೆ ಪೂರ್ವದ ಕಡಲಿಗೂ ಹೋಗುವ ದಾರಿಯ ಮೊದಲ ಮೆಟ್ಟಿಲು.

ಸೋಮೇಶ್ವರನಿಂದ ಮುಂದೆ ಹಳೆಯ ಬೀದಿಗಳು. ಜಗಲಿಯಿದ್ದ ಮನೆಗಳು ಈಗ ಬೆರಳೆಣಿಕೆಯಷ್ಟು ಉಳಿದಿವೆ. ರಾತ್ರಿ ಅವುಗಳ ಮೇಲೆ ಕುಳಿತ ಮುದುಕರು ಕನ್ನಡದಲ್ಲಿ ಶುರುಮಾಡಿ ತೆಲುಗಿನಲ್ಲಿ ಮುಗಿಸುವ ಮಾತು ಕಿವಿಗೆ ಬೀಳುತ್ತದೆ. ಇನ್ನೊಂದು ತಿರುವಿನಲ್ಲಿ ಉರ್ದು. ಬಾಬಾ ಹೈದರ್ ವಲಿ ದರ್ಗಾದ ಕಡೆಯಿಂದ ಅಗರಬತ್ತಿಯ ವಾಸನೆ ಗಾಳಿಯಲ್ಲಿ ಬರುತ್ತದೆ. ಉರುಸಿನ ದಿನಗಳಲ್ಲಂತೂ ಆಂಧ್ರ, ತಮಿಳುನಾಡುಗಳಿಂದ ಬಂದ ಜನರಿಂದ ಆ ಭಾಗಕ್ಕೆ ರಾತ್ರಿಯೆಂಬುದೇ ಇರುವುದಿಲ್ಲ. ಬಾಗಿಲಿನಲ್ಲಿ ಬಂದವರೆಲ್ಲ ಹೊರಟುಹೋಗುವುದಿಲ್ಲ, ಕೆಲವರು ಅಲ್ಲಿಯೇ ನೆಲೆ ನಿಲ್ಲುತ್ತಾರೆ. ಈ ಬೀದಿಗಳ ಮೂರು ನುಡಿಗಳು ಹಾಗೆ ನಿಂತವರ ಮನೆಮಾತುಗಳು. 1887ರ ಮಾರ್ಚ್ 17ರಂದು ಡಿ. ವಿ. ಗುಂಡಪ್ಪನವರು ಹುಟ್ಟಿದ್ದು ಈ ಊರಿನಲ್ಲಿಯೇ. ಅವರ ‘ಜ್ಞಾಪಕ ಚಿತ್ರಶಾಲೆ’ಯನ್ನು ಓದಿಕೊಂಡು ಈ ಬೀದಿಗಳಲ್ಲಿ ರಾತ್ರಿ ನಡೆದರೆ ಎಣ್ಣೆದೀಪದ ಕಾಲದ ಊರು ಎಷ್ಟು ಚಿಕ್ಕದಾಗಿದ್ದಿರಬೇಕು, ಅದರಲ್ಲಿದ್ದ ಮನುಷ್ಯರು ಎಷ್ಟು ದೊಡ್ಡವರಾಗಿದ್ದಿರಬೇಕು ಎಂದು ಅನ್ನಿಸದಿರದು.

ಬೀದಿಗಳು ಮುಗಿದಲ್ಲಿ ಬೆಟ್ಟ. ಹಗಲಿನಲ್ಲಿ ಅದು ಹಿನ್ನೆಲೆಯ ಚಿತ್ರದಂತೆ ದೂರ ನಿಂತಿರುತ್ತದೆ. ರಾತ್ರಿ ಮಾತ್ರ ಊರಿನ ಮೇಲೆಯೇ ಬಾಗಿದಂತೆ ಕಾಣುತ್ತದೆ. ಕಪ್ಪು ಆಕಾಶದ ಮುಂದೆ ಅದಕ್ಕಿಂತ ಕಪ್ಪಾದ ಬಂಡೆಗಳ ರಾಶಿ. ತಪ್ಪಲಿನಲ್ಲಿ ಒಂದು ನಾಯಿ ಬೊಗಳಿದರೆ ಬಂಡೆಗಳ ನಡುವಿನಿಂದ ಇನ್ನೊಂದು ನಾಯಿ ಉತ್ತರ ಕೊಟ್ಟಂತೆ ಆ ದನಿ ಹಿಂದಿರುಗುತ್ತದೆ. ಈ ಪ್ರತಿಧ್ವನಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

1767ರಲ್ಲಿ ಹೈದರಾಲಿಗೂ ಇಂಗ್ಲಿಷ್ ಕಂಪನಿಗೂ ಮೊದಲ ಯುದ್ಧ ಆರಂಭವಾಯಿತು. ಹೈದರ್ ನಮ್ಮ ಜಿಲ್ಲೆಯವನೇ, ಬೂದಿಕೋಟೆಯಲ್ಲಿ ಹುಟ್ಟಿದವನು. ಅವನ ತಂದೆ ಫತೇ ಮಹಮ್ಮದನ ಗೋರಿ ಕೋಲಾರದ ಮಕ್ಬರಾದಲ್ಲಿದೆ. 1768ರ ಜೂನ್ ತಿಂಗಳಲ್ಲಿ ಘಟ್ಟ ಹತ್ತಿ ಬಂದ ಕಂಪನಿಯ ಸೈನ್ಯಕ್ಕೆ ಮುಳಬಾಗಿಲಿನ ಬೆಟ್ಟದ ಕೋಟೆಯನ್ನು ನೇರವಾಗಿ ಹಿಡಿಯುವುದು ಸುಲಭವಾಗಿರಲಿಲ್ಲ. ಆಗ ಒಂದು ಉಪಾಯ ಹೂಡಿದರು. ಕೋಟೆಯ ಕಿಲ್ಲೇದಾರನಿಗೆ ಹೈದರನ ಪದಾತಿದಳಕ್ಕೆ ಹೊಸಬರನ್ನು ಸೇರಿಸಿಕೊಳ್ಳುವ ಕೆಲಸವೂ ಇತ್ತು. ಹಾಗೆ ಸೇರಲು ಬಂದ ಆಳುಗಳ ವೇಷದಲ್ಲಿ ಕಂಪನಿಯ ಸಿಪಾಯಿಗಳು ರಾತ್ರಿಯ ಹೊತ್ತು ಬೆಟ್ಟ ಹತ್ತಿದರು. ಅವರ ಮುಂದೆ ಕ್ಯಾಪ್ಟನ್ ಮ್ಯಾಥ್ಯೂಸ್ ಎಂಬ ಇಂಗ್ಲಿಷ್ ಅಧಿಕಾರಿ, ನಮ್ಮವರ ಸುಬೇದಾರನಂತೆ ಉಡುಪು ತೊಟ್ಟು, ಮೈಗೆ ಬಣ್ಣ ಬಳಿದುಕೊಂಡು ನಡೆದಿದ್ದನು. ಒಳಗಿನವರಿಗೆ ಮೋಸ ತಿಳಿಯುವ ಹೊತ್ತಿಗೆ ಕೋಟೆ ಕೈಬಿಟ್ಟಿತ್ತು. ಕರ್ನಲ್ ಮಾರ್ಕ್ ವಿಲ್ಕ್ಸ್ 1810ರಿಂದ 1817ರ ನಡುವೆ ಪ್ರಕಟಿಸಿದ ತನ್ನ ಇತಿಹಾಸದಲ್ಲಿ ಈ ಕಥೆಯನ್ನು ಚಪ್ಪರಿಸಿಕೊಂಡು ಹೇಳುತ್ತಾನೆ. ಹಗಲಿನಲ್ಲಿ ಬೆಟ್ಟವನ್ನು ನೋಡಿ ಈ ಕಥೆ ಓದಿದರೆ ಅಷ್ಟು ಜನ ಕಣ್ಣಿಗೆ ಮಣ್ಣೆರಚಿ ಹೋದರೆಂಬುದನ್ನು ನಂಬುವುದು ಕಷ್ಟ. ಅಮಾವಾಸ್ಯೆಯ ಆಸುಪಾಸಿನಲ್ಲಿ ತಪ್ಪಲಿಗೆ ಬಂದು ನಿಲ್ಲಿ. ಹತ್ತು ಹೆಜ್ಜೆ ಮುಂದಿರುವವನು ಬಿಳಿಯನೋ ಕರಿಯನೋ ಎಂದು ಯಾರಿಗೂ ಹೇಳಲಾಗದು.

ಕೆಲವೇ ತಿಂಗಳಲ್ಲಿ ಹೈದರ್ ಕೋಟೆಯನ್ನು ಮರಳಿ ಪಡೆದನು. ಅಕ್ಟೋಬರ್ ಆರಂಭದಲ್ಲಿ ಕರ್ನಲ್ ವುಡ್ ಬಂದು ಕೆಳಗಿನ ಕೋಟೆಯನ್ನು ಹಿಡಿದನು. ಮೇಲಿನ ಬಂಡೆಗೆ ಏಣಿ ಹಾಕಿ ಹತ್ತುವ ಪ್ರಯತ್ನ ಮಾಡಿ ಸೋತು ಹಿಮ್ಮೆಟ್ಟಿದನು. 1768ರ ಅಕ್ಟೋಬರ್ 4ರಂದು ಹೈದರನ ಚಿಲ್ಲರೆ ದಂಡೊಂದು ಕಾಣಿಸಿತೆಂದು ಸ್ವಲ್ಪ ಜನರೊಡನೆ ಹೊರಟ ವುಡ್‌ಗೆ ಎದುರಾದದ್ದು ಹೈದರನ ಇಡೀ ಸೈನ್ಯ. ಬಂಡೆಯಿಂದ ಬಂಡೆಗೆ ಹೋರಾಟ ನಡೆಯಿತು, ಕಂಪನಿಯವರ ಸಾಲು ಕುಸಿಯುತ್ತಾ ಬಂತು. ಸಾಮಾನು ಕಾಯಲು ಹಿಂದೆ ಬಿಟ್ಟಿದ್ದ ಕ್ಯಾಪ್ಟನ್ ಬ್ರೂಕ್ ಸ್ವತಃ ಗಾಯಗೊಂಡಿದ್ದವನು. ಅವನು ರೋಗಿಗಳನ್ನೂ ಗಾಯಾಳುಗಳನ್ನೂ ಕೂಡಿಸಿಕೊಂಡು, ಎರಡು ಫಿರಂಗಿಗಳನ್ನು ಮರೆಯ ದಾರಿಯಲ್ಲಿ ಎಳೆದು ಒಂದು ಚಪ್ಪಟೆ ಬಂಡೆಯ ನೆತ್ತಿಗೆ ಏರಿಸಿದನು. ಅಲ್ಲಿಂದ ಗುಂಡು ಹಾರಿಸುತ್ತಾ ಎಲ್ಲರೂ ಒಂದೇ ಉಸಿರಿಗೆ ‘ಸ್ಮಿತ್! ಸ್ಮಿತ್!’ ಎಂದು ಕೂಗಿದರು. ಕರ್ನಲ್ ಸ್ಮಿತ್ ಆ ಸೀಮೆಯಲ್ಲಿದ್ದ ದೊಡ್ಡ ಸೈನ್ಯದ ನಾಯಕ, ಆದರೆ ಅಂದು ಅವನು ಅಲ್ಲಿರಲೇ ಇಲ್ಲ. ಹೈದರನ ಸೈನಿಕರು ಸ್ಮಿತ್ ಬಂದನೆಂದೇ ತಿಳಿದು ಹಿಂದೆ ಸರಿದರು. ಆ ವಿರಾಮದಲ್ಲಿ ವುಡ್ ತನ್ನವರನ್ನು ಉತ್ತಮ ನೆಲೆಗೆ ಸೇರಿಸಿಕೊಂಡನು.

ಪಠ್ಯಪುಸ್ತಕದಲ್ಲಿ ಇದು ಒಂದು ಸಾಲು. ಬೆಟ್ಟದ ಬುಡದಲ್ಲಿ ನಿಂತು ನಾಯಿಯ ಬೊಗಳು ಹಿಂದಿರುಗುವುದನ್ನು ಕೇಳಿದವನಿಗೆ ಅದರ ಒಳಗುಟ್ಟು ತಿಳಿಯುತ್ತದೆ. ಆ ದಿನ ಕೂಗಿದವರು ಕೆಲವರು, ಕೂಗನ್ನು ಹೆಚ್ಚಿಸಿದ್ದು ನಮ್ಮ ಬಂಡೆಗಳು ಎಂಬುದು ನನ್ನ ಊಹೆ. ವಿಲ್ಕ್ಸ್ ಬಂಡೆಗಳಿಗೆ ಯಾವ ಶ್ರೇಯಸ್ಸನ್ನೂ ಕೊಟ್ಟಿಲ್ಲ. ಅಂದಿನ ಕಾಳಗದಲ್ಲಿ ಗೆದ್ದವರು ಯಾರೆಂದು ಹೇಳುವುದು ಕಷ್ಟ. ಆದರೆ ಮುಂದಿನ ಏಪ್ರಿಲ್‌ನಲ್ಲಿ ಹೈದರ್ ಮದ್ರಾಸಿನ ಬಾಗಿಲಿಗೇ ಹೋಗಿ ನಿಂತು ಕಂಪನಿಯವರಿಂದ ಸಂಧಿ ಬರೆಯಿಸಿಕೊಂಡನು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೆಲಸದ ಮೇಲೆ ಇಟಲಿಗೆ ಹೋದವನು ಫ್ಲಾರೆನ್ಸ್ ನಗರವನ್ನು ರಾತ್ರಿಯೆಲ್ಲ ನಡೆದು ನೋಡಿದ್ದಾಗಿ ಬರೆದಿದ್ದ. ಅಲ್ಲಿ ಅವನಿಗೆ ವಿಚಿತ್ರವೆನಿಸಿದ್ದು ರಸ್ತೆಯ ನಡುವೆ ಒಂಟಿಯಾಗಿ ನಿಂತ ದೊಡ್ಡ ದೊಡ್ಡ ಬಾಗಿಲುಗಳಂತೆ. ಅದಕ್ಕೆ ಕಾರಣವಿದೆ. 1865ರಲ್ಲಿ ಫ್ಲಾರೆನ್ಸ್ ಇಟಲಿಯ ರಾಜಧಾನಿಯಾದಾಗ ಊರನ್ನು ವಿಸ್ತರಿಸಲು ನದಿಯ ಉತ್ತರ ದಡದ ಕೋಟೆಗೋಡೆಯನ್ನು ಕೆಡವಿಸಿ, ಅದರ ದಾರಿಯಲ್ಲಿ ಅಗಲವಾದ ರಸ್ತೆಗಳನ್ನು ಮಾಡಿದರು, ಮುಖ್ಯ ಬಾಗಿಲುಗಳನ್ನು ಮಾತ್ರ ಉಳಿಸಿಕೊಂಡರು. ಅವುಗಳಿಗೆ ರಾತ್ರಿ ದೀಪ ಹಾಕುತ್ತಾರೆ, ಜನ ನಿಂತು ನೋಡುತ್ತಾರೆ. ಅಲ್ಲಿ ಗೋಡೆ ಹೋಗಿ ಬಾಗಿಲು ಉಳಿಯಿತು. ನಮ್ಮಲ್ಲಿ ಊರಿನ ಹೆಸರೇ ಬಾಗಿಲು, ಆದರೆ ನಿಂತು ನೋಡಲು ಅಂಥ ಒಂದು ಬಾಗಿಲೂ ಊರಿನ ನಡುವೆ ಇಲ್ಲ. ಬೆಟ್ಟದ ಮೇಲಿನ ಕೋಟೆಯ ಕಲ್ಲುಗಳಿಗೆ ಬೆಳದಿಂಗಳೇ ದೀಪ. ಆ ದೀಪಕ್ಕೆ ಬಿಲ್ಲು ಬರುವುದಿಲ್ಲವೆಂದು ಸಮಾಧಾನಪಟ್ಟುಕೊಳ್ಳಬೇಕು.

ಕಾಲಿನಲ್ಲಿ ಇನ್ನೂ ಕಸುವಿದ್ದರೆ ಊರಿನಿಂದ ಸುಮಾರು ಎರಡು ಕಿ.ಮೀ. ದೂರದ ನರಸಿಂಹತೀರ್ಥಕ್ಕೆ ಹೋಗಬಹುದು. ಶ್ರೀಪಾದರಾಜರ ವೃಂದಾವನ ಅಲ್ಲಿದೆ. ಚನ್ನಪಟ್ಟಣದ ಬಳಿಯ ಅಬ್ಬೂರಿನಿಂದ ಬಂದು, ಹದಿನೈದನೆಯ ಶತಮಾನದಲ್ಲಿ ಈ ಊರಿನಲ್ಲಿ ನೆಲೆಸಿ, ‘ರಂಗವಿಠಲ’ ಎಂಬ ಅಂಕಿತದಲ್ಲಿ ಕನ್ನಡ ಕೀರ್ತನೆಗಳನ್ನು ಹಾಡಿದ ಯತಿಗಳು ಅವರು. ಸಂಸ್ಕೃತವಲ್ಲದೆ ಬೇರೆ ನುಡಿ ದೇವರ ಮುಂದೆ ಸಲ್ಲದೆಂಬ ವಾತಾವರಣದಲ್ಲಿ ಮಠದ ಪೂಜೆಯ ಹೊತ್ತಿಗೆ ಕನ್ನಡವನ್ನು ತಂದು ಕೂರಿಸಿದ ಧೈರ್ಯ ಅವರದು. ವ್ಯಾಸರಾಯರು ವಿದ್ಯೆ ಕಲಿತದ್ದು ಇವರ ಬಳಿ, ಇದೇ ಊರಿನಲ್ಲಿ. ಗುರುಗಳ ಮಾತಿನಂತೆ ಅವರು ಇಲ್ಲಿಂದ ಪೂರ್ವಕ್ಕೆ ಚಂದ್ರಗಿರಿಯ ಸಾಳುವ ನರಸಿಂಹನ ಆಸ್ಥಾನಕ್ಕೆ ಹೋದರು, ಅನಂತರ ಹಂಪೆಯಲ್ಲಿ ಕೃಷ್ಣದೇವರಾಯನಿಗೆ ಗುರುವಾದರು. ಪುರಂದರದಾಸರು, ಕನಕದಾಸರು ಅವರ ಶಿಷ್ಯರೆಂಬುದು ದಾಸಪರಂಪರೆಯ ನಂಬಿಕೆ. ಸೈನ್ಯ ದಾಟಿದ ಬಾಗಿಲನ್ನೇ ಹಾಡೂ ದಾಟಿತು. ಜ್ಯೇಷ್ಠ ಶುದ್ಧ ಚತುರ್ದಶಿಯ ಆರಾಧನೆಯ ಸಮಯದಲ್ಲಿ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಉಳಿದ ರಾತ್ರಿಗಳಲ್ಲಿ ಬಾಗಿಲು ಮುಚ್ಚಿದ ಮಠದ ಹೊರಗೆ ನಿಂತರೆ ಕೇಳುವುದು ಹೆದ್ದಾರಿಯ ಲಾರಿಗಳ ಮೊರೆತ ಮಾತ್ರ.

ಆ ಮೊರೆತವೇ ನನಗೆ ಈಗ ಯೋಚನೆಯ ವಿಷಯ. ರಸ್ತೆಯಿಂದ ಹುಟ್ಟಿದ ಊರು ನಮ್ಮದು. ಬೆಂಗಳೂರಿಗೂ ಮದ್ರಾಸಿಗೂ ರೈಲು ಜೋಡಿಸಿದಾಗ, 1864ರಲ್ಲಿ, ಅದು ಮಾಲೂರು, ಬಂಗಾರಪೇಟೆಗಳ ಮೇಲೆ ಜೋಲಾರಪೇಟೆಗೆ ಹೋಯಿತು. ಮುಳಬಾಗಿಲಿಗೆ ರೈಲು ಅಂದೂ ಬರಲಿಲ್ಲ, ಇಂದೂ ಇಲ್ಲ. ಆದರೂ ಬಸ್ಸು ಲಾರಿಗಳ ಕಾಲದಲ್ಲಿ ಹಳೆಯ ಮದ್ರಾಸು ರಸ್ತೆ ಊರನ್ನು ಸಾಕಿತು. ಹೋಟೆಲು, ಪಂಚರ್ ಅಂಗಡಿ, ಬಿಡಿಭಾಗದ ಅಂಗಡಿ, ಲಾಡ್ಜು ಎಲ್ಲವೂ ಅದರ ಮಕ್ಕಳು. ಈಗ ಹೊಸಕೋಟೆಯಿಂದ ಮಾಲೂರು, ಬೇತಮಂಗಲಗಳ ಕಡೆಯಿಂದ ಚೆನ್ನೈಗೆ ಹೊಸ ಎಕ್ಸ್‌ಪ್ರೆಸ್ ರಸ್ತೆ ಬಂದಿದೆ. 2024ರ ಡಿಸೆಂಬರ್‌ನಲ್ಲಿ ಅದರ ಕರ್ನಾಟಕದ ಭಾಗದಲ್ಲಿ ವಾಹನಗಳು ಓಡಾಡತೊಡಗಿದವು. ಬೇತಮಂಗಲದ ದಾರಿ ಹೊಸದೇನಲ್ಲವೆಂಬುದು ಸ್ವಾರಸ್ಯ. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಮದ್ರಾಸಿನಿಂದ ಹೊರಟು ಮೈಸೂರು ಸೀಮೆಯನ್ನು ಹೊಕ್ಕದ್ದೂ ಪೆದ್ದನಾಯಕನದುರ್ಗದ ಕಣಿವೆ, ವೆಂಕಟಗಿರಿಕೋಟೆ, ಬೇತಮಂಗಲ, ಟೇಕಲ್‌ಗಳ ಮೇಲೆಯೇ. ಆ ಸಲವೂ ನಮ್ಮ ಊರು ಬದಿಗೆ ಉಳಿದಿತ್ತು. ತಿರುಪತಿ ಚಿತ್ತೂರುಗಳ ದಾರಿ ನಮ್ಮದೇ, ಅದನ್ನು ಯಾರೂ ಕಸಿಯಲಾರರು. ಆದರೆ ಚೆನ್ನೈನ ಲಾರಿಗಳಲ್ಲಿ ಎಷ್ಟು ಆ ಕಡೆ ತಿರುಗಿವೆ ಎಂದು ಲೆಕ್ಕ ಹಾಕುವ ಹೋಟೆಲಿನವರು ರಾತ್ರಿಯ ಹೊತ್ತು ಮಾತಿಗೆ ಸಿಗುತ್ತಾರೆ. ಅವರ ಮಾತಿನಲ್ಲಿ ಗಂಗಾದೇವಿಯೂ ಇಲ್ಲ, ಹೈದರನೂ ಇಲ್ಲ. ಹೆದ್ದಾರಿಯ ಪಕ್ಕದಲ್ಲಿ ಅಂಗಡಿ ಹಾಕಿದವನಿಗೆ ಮಗನ ಇಂಜಿನಿಯರಿಂಗ್ ಶುಲ್ಕದ ಚಿಂತೆ. ಲಕ್ಕಣ್ಣ ದಂಡೇಶನ ಕಾಲದ ಸುಂಕದವನೂ ಬಹುಶಃ ಇಂಥದ್ದೇ ಲೆಕ್ಕ ಹಾಕುತ್ತಿದ್ದನೇನೋ.

ರಜೆಗೆ ಊರಿಗೆ ಬರುವವರು ಕಾರಿನಲ್ಲಿ ಕುರುಡುಮಲೆಯ ಗಣಪತಿಯನ್ನೂ ಆವಣಿಯ ರಾಮಲಿಂಗೇಶ್ವರನನ್ನೂ ನೋಡಿಕೊಂಡು ಸಂಜೆಗೆಲ್ಲ ಬೆಂಗಳೂರಿಗೆ ಹಿಂದಿರುಗಿಬಿಡುತ್ತೀರಿ. ಒಂದು ರಾತ್ರಿ ಉಳಿದುಕೊಳ್ಳಿ. ಊಟ ಮುಗಿಸಿ ಹೊರಟರೆ ಸಾಕು, ಬೇಗ ಬೇಡ. ಕೈಯಲ್ಲಿ ಟಾರ್ಚು, ಇನ್ನೊಂದು ಕೈಯಲ್ಲಿ ಕೋಲು ಇರಲಿ, ಬೀದಿನಾಯಿಗಳು ಹೈದರನ ಕಾವಲುಗಾರರಿಗಿಂತ ಚುರುಕು. ಬೆಟ್ಟವನ್ನು ರಾತ್ರಿ ಹತ್ತುವ ಸಾಹಸ ಬೇಡ, ಬುಡದಲ್ಲಿ ನಿಂತರೆ ಸಾಕು. ಸುತ್ತ ಯಾರೂ ಮಲಗಿಲ್ಲವೆಂದು ಖಚಿತಪಡಿಸಿಕೊಂಡು ಒಮ್ಮೆ ಜೋರಾಗಿ ಯಾರದಾದರೂ ಹೆಸರು ಹಿಡಿದು ಕೂಗಿ ನೋಡಿ.